ಬೇಸಿಗೆ ಸಜಾ ವಿನೋದ ಯೋಜನೆ

ಮಕ್ಕಳಿಗೆ ವರ್ಷಕ್ಕೊಮ್ಮೆ ಬೇಸಿಗೆ ರಜೆ ಬರುತ್ತದೆ ಎಂಬ ಸಂಗತಿ ನಮ್ಮ ಇಲಾಖೆಯ ಗಮನಕ್ಕೆ ಅಧಿಕೃತವಾಗಿ ಬಂದದ್ದು ಈ ವರ್ಷ. ಹಿಂದಿನ ವರ್ಷಗಳಲ್ಲೂ ರಜೆ ಬರುತ್ತಿತ್ತು ಎಂದು ಕೆಲವರು ವಾದಿಸುತ್ತಾರೆ. ಬಂದಿರಬಹುದು. ಆದರೆ ಲಿಖಿತವಾಗಿ ಯಾರೂ ತಿಳಿಸಿರಲಿಲ್ಲ.

ಈ ಸಲ ತಿಳಿಸಿದವರು ನಮ್ಮ ನಿರ್ದೇಶಕರ ಹೆಂಡತಿ. ಮಕ್ಕಳು ಸೋಫಾದ ಹೊಟ್ಟೆ ಬಗೆದು, ಒಳಗಿನ ಹತ್ತಿ ತೆಗೆದು ಗಡ್ಡ ಅಂಟಿಸಿಕೊಂಡಿದ್ದಾರೆಂದೂ, ಇನ್ನು ತಮ್ಮ ಕೈಲಾಗುವುದಿಲ್ಲವೆಂದೂ ಒಂದು ಚೀಟಿ ಬರೆದು ಗಂಡನ ಊಟದ ಡಬ್ಬಿಯಲ್ಲಿಟ್ಟು ಕಳಿಸಿದ್ದರು. ನಿರ್ದೇಶಕರು ಊಟ ಮುಗಿಸಿ, ಚೀಟಿಯ ಮೇಲೆ "ಅಗತ್ಯ ಕ್ರಮಕ್ಕಾಗಿ" ಎಂದು ಬರೆದು, ಸಹಿ ಹಾಕಿ ಕೆಳಗಿನವರಿಗೆ ಕಳಿಸಿದರು. ಯೋಜನೆ ಹುಟ್ಟಿದ್ದು ಹೀಗೆ.

ನಮ್ಮದು ಮಕ್ಕಳ ವಿರಾಮ ಇಲಾಖೆ. ಎರಡನೇ ಮಹಡಿಯಲ್ಲಿ, ಕೆಟ್ಟಿರುವ ಲಿಫ್ಟಿನ ಎದುರಿಗೆ ಇದೆ. ನಾನು ಅಲ್ಲಿ ಕರಡು ವಿಭಾಗದ ಮೇಲ್ವಿಚಾರಕ. ಇಲಾಖೆಯಿಂದ ಹೊರಡುವ ಪ್ರತಿಯೊಂದು ಕಾಗದವೂ ನನ್ನ ಮೇಜನ್ನು ಹಾದು ಹೋಗಬೇಕೆಂಬ ನಿಯಮವಿದೆ, ಹಾದು ಹೋಗುತ್ತದೆ. ಅದನ್ನು ನಾನು ಓದಬೇಕೆಂಬ ನಿಯಮ ಎಲ್ಲೂ ಇಲ್ಲ. ಇದ್ದರೆ ಯಾರಾದರೂ ತೋರಿಸಲಿ.

ಯೋಜನೆಯ ಉದ್ದೇಶ ಸರಳ. ರಜೆಯಲ್ಲಿ ಊರಿನ ಮಕ್ಕಳನ್ನು ಆದಷ್ಟು ಅಗ್ಗದಲ್ಲಿ ಸಂತೋಷಪಡಿಸುವುದು. ಇದಕ್ಕಾಗಿ ಒಂದು ಹಗ್ಗ, ಒಂದು ಚೆಂಡು ಮತ್ತು ಒಂದು ಜಾರುಬಂಡೆಯನ್ನು ಖರೀದಿಸಲಾಯಿತು. ಹಗ್ಗದ ಗಟ್ಟಿತನದ ಪರೀಕ್ಷೆ ನಿರ್ದೇಶಕರ ಮನೆಯ ಹಿತ್ತಲಲ್ಲಿ ಒದ್ದೆ ಬಟ್ಟೆ ಹಾಕುವ ಮೂಲಕ ಇಂದಿಗೂ ನಡೆಯುತ್ತಿದೆ. ಚೆಂಡು ಉಪನಿರ್ದೇಶಕರ ನಾಯಿಯ ಪರಿಶೀಲನೆಯಲ್ಲಿದೆ. ಜಾರುಬಂಡೆಯಲ್ಲಿ ಜಾರುವ ಭಾಗ ಮಾತ್ರ ಬಂತು. ಹತ್ತುವ ಭಾಗಕ್ಕೆ ಮುಂದಿನ ವರ್ಷ ಮಂಜೂರಾತಿ ಸಿಗಲಿದೆ. ಹೀಗಾಗಿ ಖರ್ಚೂ ಆಗಬಾರದು, ಮಕ್ಕಳೂ ನಗಬೇಕು ಎಂಬ ಇಕ್ಕಟ್ಟಿನಲ್ಲಿ ಇಡೀ ಇಲಾಖೆ ತಲೆ ಕೆರೆದುಕೊಳ್ಳುತ್ತಿತ್ತು. ಆಗ ದಾರಿ ತೋರಿಸಿದವರು ನಮ್ಮ ಟೈಪಿಸ್ಟ್. ತೋರಿಸಿದ್ದು ಅವರಿಗೂ ಗೊತ್ತಾಗಲಿಲ್ಲ.

ಟೈಪಿಸ್ಟ್ ನಮ್ಮಲ್ಲಿಗೆ ಬಂದೀಖಾನೆ ಇಲಾಖೆಯಿಂದ ವರ್ಗವಾಗಿ ಬಂದವರು. ಅರ್ಧ ಆಯುಷ್ಯವನ್ನು ಅಲ್ಲೇ ಸವೆಸಿದ್ದಾರೆ. 'ಜಾ', 'ಜೆ' ಎಂಬ ಅಕ್ಷರಗಳ ಹಿಂದೆ 'ಸ' ಬಿಟ್ಟು ಇನ್ನೊಂದು ಅಕ್ಷರ ಬರಬಹುದು ಎಂಬುದು ಅವರ ಬೆರಳುಗಳಿಗೆ ಗೊತ್ತಿಲ್ಲ. ಈ ಕಾರಣಕ್ಕೆ ನಮ್ಮ ಸಿಬ್ಬಂದಿ ತಮ್ಮ ರಜೆ ಅರ್ಜಿಗಳನ್ನು ಕೈಯಲ್ಲೇ ಬರೆದುಕೊಳ್ಳುತ್ತಾರೆ. ಪ್ರಕಟಣೆಯನ್ನು ಮಾತ್ರ ಟೈಪಿಸ್ಟರೇ ಸಿದ್ಧಪಡಿಸಿದರು. ಅದು ಹೀಗಿತ್ತು:

"ಈ ಮೂಲಕ ಸಮಸ್ತ ಪೋಷಕರಿಗೆ ತಿಳಿಯಪಡಿಸುವುದೇನೆಂದರೆ, ಪ್ರತಿ ವರ್ಷದಂತೆ ಈ ವರ್ಷವೂ ಮಕ್ಕಳಿಗೆ ಬೇಸಿಗೆ ಸಜೆ ಆರಂಭವಾಗಿರುತ್ತದೆ. ಮಕ್ಕಳು ತಮ್ಮ ಸಜೆಯನ್ನು ಬೀದಿಯಲ್ಲಿ ಅಲೆದು ವ್ಯರ್ಥ ಮಾಡದೆ ಸಂತೋಷದಿಂದ ಕಳೆಯಲೆಂದು ಇಲಾಖೆಯು ಬೇಸಿಗೆ ಸಜಾ ವಿನೋದ ಯೋಜನೆಯನ್ನು ಹಮ್ಮಿಕೊಂಡಿದೆ. ಸಜೆಯು ಪ್ರತಿ ಮಗುವಿನ ಹಕ್ಕು. ಪ್ರತಿ: ಜೈಲರ್ ಅವರಿಗೆ, ಅಗತ್ಯ ಕ್ರಮಕ್ಕಾಗಿ."

ಕೊನೆಯ ಸಾಲೂ ಬೆರಳುಗಳ ರೂಢಿಯೇ.

ಪ್ರಕಟಣೆ ಊರಿನ ಗೋಡೆಗಳ ಮೇಲೆಲ್ಲ ಅಂಟಿದ ಮೇಲೆ ನಿರ್ದೇಶಕರು ನನ್ನನ್ನು ಒಳಗೆ ಕರೆದರು.

"ಇದೇನ್ರೀ, ಸಜಾ ಅಂತಿದೆ?"

"ಸಹಿ ಆಗಿದೆ ಸರ್."

"ಯಾರದು?"

"ತಮ್ಮದೇ."

ನಿರ್ದೇಶಕರು ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಹಾಗಾದ್ರೆ ಸರಿಯಾಗೇ ಇರುತ್ತೆ," ಎಂದರು.

ಸಹಿಯಾದ ಆದೇಶದಲ್ಲಿ ಒಂದಕ್ಷರ ಬದಲಾಗಬೇಕಾದರೂ ತಿದ್ದುಪಡಿ ಸಮಿತಿ ಸಭೆ ಸೇರಬೇಕು. ಸಮಿತಿಯ ಸದಸ್ಯರೆಲ್ಲ ಬೇಸಿಗೆ ರಜೆಯ ಮೇಲೆ ತೆರಳಿದ್ದರು. ಅಲ್ಲದೆ ಪ್ರಕಟಣೆಯಲ್ಲಿ ಆ ಪದ ಒಂದು ಕಡೆ ತಪ್ಪಿದ್ದರೆ ಅದನ್ನು ತಪ್ಪು ಎನ್ನಬಹುದಿತ್ತು. ಎಲ್ಲ ಕಡೆಯೂ ಒಂದೇ ಥರ ಇದ್ದುದರಿಂದ ಅದನ್ನು ನೀತಿ ಎಂದೇ ಪರಿಗಣಿಸಬೇಕಾಯಿತು.

ಅಷ್ಟರಲ್ಲಿ ಜೈಲರ್ ಫೋನ್ ಮಾಡಿದರು. ತುಂಬ ಚುರುಕಿನ ಮನುಷ್ಯ. ತಮ್ಮಲ್ಲಿ ಎಲ್ಲ ಸೌಕರ್ಯವೂ ಇದೆ ಎಂದರು. ಎತ್ತರದ ಗೋಡೆ, ದೊಡ್ಡ ಅಂಗಳ, ಹೊತ್ತು ಹೊತ್ತಿಗೆ ಊಟ, ಗಂಟೆ, ಸೀಟಿ. ಎಲ್ಲದಕ್ಕೂ ಮೊದಲೇ ಹಣ ಮಂಜೂರಾಗಿದೆ. ಹೊಸದಾಗಿ ಬಿಡಿಕಾಸೂ ಬೇಡ. ಈಗಿರುವ ಕೈದಿಗಳನ್ನು ಎಲ್ಲಿಡುವುದು ಎಂಬುದೊಂದೇ ಅವರ ಪ್ರಶ್ನೆ. ರಜೆಯಾದ್ದರಿಂದ ಶಾಲೆ ಖಾಲಿ ಬಿದ್ದಿದೆಯಲ್ಲ ಎಂದು ನಾನು ಸೂಚಿಸಿದೆ. ಕೈದಿಗಳನ್ನು ಶಾಲೆಗೂ ಮಕ್ಕಳನ್ನು ಜೈಲಿಗೂ ಕಳಿಸುವುದೆಂದು ತೀರ್ಮಾನವಾಯಿತು. ಇಷ್ಟು ಅಗ್ಗದ ಮನರಂಜನೆಯನ್ನು ಬೇರೆ ಯಾವ ಇಲಾಖೆಯೂ ಮಾಡಿಲ್ಲ ಎಂದು ನಿರ್ದೇಶಕರು ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು.

ಮೊದಲ ದಿನ ಪೋಷಕರು ಸ್ವಲ್ಪ ಹಿಂಜರಿದರು. ಮೀಸೆಯ ತಂದೆಯೊಬ್ಬರು ಮುಂದೆ ಬಂದು ನನ್ನನ್ನು ವಿಚಾರಿಸಿದರು.

"ದುಡ್ಡೆಷ್ಟು?"

"ಉಚಿತ."

"ಊಟ?"

"ಜೈಲಿನವರದೇ."

"ಗೋಡೆ ಎಷ್ಟೆತ್ತರ ಇದೆ?"

"ಆನೆಗೂ ಹಾರೋಕಾಗಲ್ಲ."

"ಬರ್ಕೊಳಿ ನಮ್ಮನೆಯೋನ್ನ," ಎಂದರು ಮೀಸೆಯ ತಂದೆ. ಅವರ ಮಗನಿಗೆ ಓಣಿಯಲ್ಲಿ ಪಟಾಕಿ ಎಂದು ಹೆಸರು.

ಅಲ್ಲಿಂದ ಮುಂದೆ ನೂಕುನುಗ್ಗಲು. ಆದರೆ ಜೈಲರ್ ಕಟ್ಟುನಿಟ್ಟಿನವರು. ಬೆಳಿಗ್ಗೆ ಗಂಟೆ ಹೊಡೆದಾಗ ಒಳಗೆ, ಸಂಜೆ ಗಂಟೆ ಹೊಡೆದಾಗ ಹೊರಗೆ ಎಂಬ ಹಗಲು ಸಜೆಗೆ ಅವರು ಒಪ್ಪಿದ್ದರು. ಒಂದು ವಿಷಯದಲ್ಲಿ ಮಾತ್ರ ಅವರು ಜಪ್ಪಯ್ಯ ಎಂದರೂ ಬಗ್ಗಲಿಲ್ಲ. "ತಪ್ಪು ಮಾಡದೇ ಇರೋರನ್ನ ಒಳಗೆ ಹಾಕೋಕೆ ಇದೇನು ಧರ್ಮಛತ್ರವೇನ್ರೀ? ನಮ್ಗೂ ಒಂದು ಕಾನೂನಿದೆ," ಎಂದುಬಿಟ್ಟರು. ಆದ್ದರಿಂದ ಅರ್ಹತೆಯ ನಿಯಮ ಮಾಡಲಾಯಿತು. ಮಗುವು ಕನಿಷ್ಠ ಒಂದಾದರೂ ತಪ್ಪು ಮಾಡಿರತಕ್ಕದ್ದು, ತಪ್ಪು ಸ್ವಂತದ್ದಾಗಿರತಕ್ಕದ್ದು, ಅಣ್ಣತಮ್ಮಂದಿರು ಒಂದೇ ತಪ್ಪನ್ನು ಹಂಚಿಕೊಳ್ಳತಕ್ಕದ್ದಲ್ಲ. ಇದನ್ನು ನೋಡಿಕೊಳ್ಳಲು ಇಲಾಖೆಯ ಕಟ್ಟಡದ ಕೆಳಮಹಡಿಯಲ್ಲಿ ತಪ್ಪು ಪರಿಶೀಲನಾ ಕಿಟಕಿ ತೆರೆದು, ಅದರ ಹಿಂದೆ ನನ್ನನ್ನು ಕೂರಿಸಿದರು.

ತಂದೆತಾಯಿಗಳು ತಮ್ಮ ಮಕ್ಕಳ ಬಗ್ಗೆ ಅಷ್ಟು ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ನಮ್ಮವಳು ಅಜ್ಜಿಯ ಹಲ್ಲಿನ ಸೆಟ್ಟನ್ನು ಮೀನಿನ ತೊಟ್ಟಿಗೆ ಹಾಕಿದಳು ಎಂದು ಒಬ್ಬರು. ನಮ್ಮವನು ಚಿಕ್ಕಪ್ಪ ಮಲಗಿದ್ದಾಗ ಅರ್ಧ ಮೀಸೆ ಕತ್ತರಿಸಿದ, ಬೇಕಾದರೆ ಚಿಕ್ಕಪ್ಪನನ್ನೇ ಕರೆತಂದಿದ್ದೇವೆ ನೋಡಿ ಎಂದು ಇನ್ನೊಬ್ಬರು. ಪಟಾಕಿ ಒಂದೇ ವಾರದಲ್ಲಿ ಮಾಡಿದ ಕೆಲಸಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಅವನ ತಂದೆಗೆ ಬಾಯಿ ಒಣಗಿ ನೀರು ಕುಡಿಯಬೇಕಾಯಿತು. ಅವನನ್ನು ಪ್ರಥಮ ದರ್ಜೆಯಲ್ಲಿ ಸೇರಿಸಿಕೊಂಡೆವು.

ಸ್ವಂತ ತಪ್ಪಿಲ್ಲದ ಮಕ್ಕಳಿಗೂ ಏರ್ಪಾಡಿತ್ತು. ಗಾಜಿನಂಗಡಿಯವನು ಬಾಗಿಲಲ್ಲೇ ಮೇಜು ಹಾಕಿಕೊಂಡು ಕೂತಿದ್ದ. ಅವನಿಗೆ ಶುಲ್ಕ ಕೊಟ್ಟರೆ ಮಗುವಿನ ಕೈಗೆ ಒಂದು ಕಲ್ಲು ಕೊಡುತ್ತಿದ್ದ. ಎದುರಿಗೆ ನಿಲ್ಲಿಸಿದ ಕಿಟಕಿ ಒಡೆದ ಮೇಲೆ "ಒಡೆದದ್ದು ಸತ್ಯ" ಎಂದು ರಸೀದಿ ಬರೆಯುತ್ತಿದ್ದ. ಗುರಿ ತಪ್ಪಿದ ಮಕ್ಕಳಿಗೆ ಎರಡನೇ ಕಲ್ಲು ಅರ್ಧ ಬೆಲೆಗೆ. ಆ ಮೇಜಿಗೆ ಜಾಗ ಕೊಟ್ಟಿದ್ದಕ್ಕಾಗಿ ಉಪನಿರ್ದೇಶಕರ ಮನೆಯ ಕಿಟಕಿಗಳಿಗೆಲ್ಲ ಹೊಸ ಗಾಜು ಬಂತು ಎಂಬುದು ಬರೀ ವದಂತಿ. ಎಲ್ಲಕ್ಕೂ ಬಂದಿರಲಿಲ್ಲ, ಅಡುಗೆಮನೆಯದು ಬಾಕಿಯಿತ್ತು.

ಒಂದು ಬೆಳಿಗ್ಗೆ ನನ್ನ ಕಿಟಕಿಯ ಮುಂದೆ ನಿಂತವಳು ನಮ್ಮ ಕೆಳಮನೆಯ ಹೊಲಿಗೆಯವಳು. ಗಂಡ ತೀರಿಹೋಗಿ ಕೆಲವು ವರ್ಷವಾಗಿದೆ. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಊರಿನ ಮಕ್ಕಳಿಗೆಲ್ಲ ರಜೆ ಬಂದಾಗಲೇ ಅವಳಿಗೆ ಉಸಿರಾಡಲು ಪುರುಸೊತ್ತಿಲ್ಲದಷ್ಟು ಕೆಲಸ; ಶಾಲೆ ತೆರೆಯುವಷ್ಟರಲ್ಲಿ ಅಂಗಿ ಚಡ್ಡಿಗಳೆಲ್ಲ ಸಿದ್ಧವಾಗಬೇಕು. ಪಕ್ಕದಲ್ಲಿ ಮಗಳು. ಆ ಹುಡುಗಿಯನ್ನು ಓಣಿಯವರು ಒತ್ತಕ್ಷರ ಎಂದು ಕರೆಯುತ್ತಾರೆ. ತಾಯಿ ಎಲ್ಲಿ ಹೋದರೂ ಅವಳ ಪಕ್ಕಕ್ಕೆ, ಸ್ವಲ್ಪ ಕೆಳಗೆ, ಅಂಟಿಕೊಂಡೇ ಇರುವುದರಿಂದ ಬಂದ ಹೆಸರು. ಇನ್ನೊಂದು ಕಾರಣವೂ ಇದೆ. ಅಂಗಡಿಯ ಬೋರ್ಡುಗಳಲ್ಲಿ ಒತ್ತಕ್ಷರ ತಪ್ಪಿದ್ದರೆ ಅವಳು ಅಲ್ಲೇ ನಿಂತುಬಿಡುತ್ತಾಳೆ, ಎಳೆದರೂ ಬರುವುದಿಲ್ಲ.

"ಅಣ್ಣ, ನಿಮ್ಮನ್ನೇ ನಂಬಿ ಬಂದಿದೀನಿ," ಎಂದಳು ಹೊಲಿಗೆಯವಳು. "ಇವಳನ್ನ ಕರ್ಕೊಂಡು ಹೋದ್ರೆ ಮೇಸ್ತ್ರಿ ಬೈತಾನೆ. ಸೂಜಿ ಇರೋ ಕಡೆ ಮಗು ಇರಬಾರದಂತೆ. ನಾಳೆಯಿಂದ ಮಗು ಬಂದ್ರೆ ನೀನು ಬರಬೇಡ, ನಿನ್ನ ಮೆಷಿನ್ನು ಬೇರೆಯೋರಿಗೆ ಕೊಡ್ತೀನಿ ಅಂದ. ಮನೇಲಿ ಒಬ್ಳನ್ನೇ ಬಿಟ್ಟು ಬೀಗ ಹಾಕ್ಲಾ ಹೇಳಿ."

"ಸೀಟಿದೆ," ಎಂದೆ ನಾನು. "ಏನು ತಪ್ಪು ಮಾಡಿದಾಳೆ?"

ಹೊಲಿಗೆಯವಳು ಯೋಚಿಸಿದಳು. "ಹಾಲು ಚೆಲ್ಲಿದ್ಳು."

"ಇಲ್ಲಮ್ಮ, ಬೆಕ್ಕು ಚೆಲ್ಲಿದ್ದು," ಎಂದಳು ಒತ್ತಕ್ಷರ. "ನಾನು ಒರೆಸಿದೆ."

"ನೋಡಿ, ಎದುರುತ್ತರ ಕೊಡ್ತಾಳೆ! ಸುಳ್ಳು ಬೇರೆ ಹೇಳ್ತಾಳೆ! ಬರ್ಕೊಳಿ ಅಣ್ಣ, ಸುಳ್ಳು ಅಂತ ಬರ್ಕೊಳಿ!"

"ಬೆಕ್ಕನ್ನ ಕರ್ಕೊಂಡು ಬರ್ಲಾ ಮಾಮ?" ಎಂದು ಹುಡುಗಿ ನನ್ನನ್ನು ಕೇಳಿದಳು.

ಅಲ್ಲಿಗೆ ನನ್ನ ಕೈ ಕಟ್ಟಿಹೋಯಿತು. ನೆರೆಹೊರೆ ಬೇರೆ, ನಿಯಮ ಬೇರೆ. ಅರ್ಜಿಯ ಮೇಲೆ ಕೆಂಪು ಮೊಹರು ಒತ್ತಿದೆ: "ನಿರಪರಾಧಿ. ತಿರಸ್ಕರಿಸಲಾಗಿದೆ." ಹಿಂದೆ ಸಾಲಿನಲ್ಲಿದ್ದವರು ಆ ಮಗುವನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. ಒಬ್ಬಾಕೆಯಂತೂ, "ಈಗಿನ ಕಾಲದಲ್ಲಿ ಮಕ್ಕಳನ್ನ ಹೀಗೂ ಬೆಳೆಸ್ತಾರಾ," ಎಂದು ಪಕ್ಕದವಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಅವತ್ತು ಸಂಜೆ ನಾನು ಮನೆಯ ಮೆಟ್ಟಿಲು ಹತ್ತುವಾಗ ಕೆಳಮನೆಯ ಬಾಗಿಲು ತೆರೆದಿತ್ತು. ಹೊಲಿಗೆಯವಳು ಮಗಳ ಕೈಗೆ ಒಂದು ಪಿಂಗಾಣಿ ತಟ್ಟೆ ಕೊಟ್ಟು ಎದುರಿಗೆ ನಿಂತಿದ್ದಳು.

"ಒಡಿಯೇ. ನಾನು ಬೈಯಲ್ಲ."

"ಯಾಕಮ್ಮ? ಇರೋದೇ ಎರಡು."

"ಒಡಿಯೇ ಅಂದ್ರೆ! ಒಂದೇ ಒಂದು ತಪ್ಪು ಮಾಡು ಸಾಕು ಕಣೇ, ನನ್ನ ಬಂಗಾರ!"

ಹುಡುಗಿ ತಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ತೊಳೆದು, ಕಪಾಟಿನಲ್ಲಿಟ್ಟಳು. ತಾಯಿ ನೆಲದ ಮೇಲೆ ಕೂತುಬಿಟ್ಟಳು. ನನಗೆ ಬೇಜಾರಾಯಿತು. ಮೇಲ್ವಿಚಾರಕರಿಗೆ ಬೇಜಾರಾಗಬಾರದೆಂಬ ನಿಯಮವೂ ಇಲ್ಲವಲ್ಲ.

"ಗಾಜಿನಂಗಡಿಯೋನ ಹತ್ರ ಕಲ್ಲು ತಗೋಬಹುದಲ್ಲ," ಎಂದೆ.

"ತಗೊಂಡೆ ಅಣ್ಣ. ಕಲ್ಲನ್ನ ಅವನಿಗೇ ವಾಪಸ್ ಕೊಟ್ಟು, ಯಾರಾದ್ರೂ ಎಡವಿ ಬೀಳ್ತಾರೆ ಮಾಮ, ಒಳಗೆ ಇಡಿ ಅಂದ್ಳು."

ಇನ್ನೊಂದೇ ದಾರಿ ಉಳಿದಿತ್ತು. ಶಾಲೆಯಲ್ಲಿ ಇಳಿದುಕೊಂಡಿದ್ದ ಕೈದಿಗಳಲ್ಲಿ ಹೆಸರುವಾಸಿಯಾದ ಒಬ್ಬ ಜೇಬುಗಳ್ಳನಿದ್ದ. ಅವನು ಪೋಷಕರ ಒತ್ತಾಯಕ್ಕೆ ಮಣಿದು, ಮೂರನೇ ತರಗತಿಯ ಕೋಣೆಯಲ್ಲಿ ದಡ್ಡ ಮಕ್ಕಳಿಗೆ, ಅಂದರೆ ತಪ್ಪು ಮಾಡಲು ಬಾರದವರಿಗೆ, ವಿಶೇಷ ತರಗತಿ ನಡೆಸುತ್ತಿದ್ದ. ಮರುದಿನ ಬೆಳಿಗ್ಗೆ ನಾನೇ ತಾಯಿ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಹೊಲಿಗೆಯವಳು ಮೇಸ್ತ್ರಿಗೆ ಹಲ್ಲುನೋವು ಎಂದು ಹೇಳಿ ಕಳಿಸಿದ್ದಳು.

ಜೇಬುಗಳ್ಳ ಸಣ್ಣ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತಿದ್ದ. ಗೋಡೆಗೆ ಮಗ್ಗಿ ಅಂಟಿಸಿತ್ತು; ಬಿಡುವಿನಲ್ಲಿ ಕಲಿಯುತ್ತಿದ್ದೇನೆ ಎಂದ. ಹುಡುಗಿಯನ್ನು ಅಕ್ಕರೆಯಿಂದ ಹತ್ತಿರ ಕರೆದ.

"ನೋಡು ಮಗೂ, ನನ್ನ ಜೇಬಲ್ಲಿ ಪೆನ್ನಿದೆ. ನಾನು ಆ ಕಡೆ ತಿರುಗ್ತೀನಿ. ನೀನು ಅದನ್ನ ಎತ್ತಿ ಬಚ್ಚಿಟ್ಕೋ. ಅಷ್ಟೇ. ಭಯ ಬೇಡ."

ಅವನು ತಿರುಗಿದ. ಹುಡುಗಿ ಪೆನ್ನು ಎತ್ತಿದಳು. ಹೊಲಿಗೆಯವಳು ನನ್ನ ತೋಳನ್ನು ಹಿಡಿದುಕೊಂಡಳು. ಹುಡುಗಿ ಪೆನ್ನಿನ ಮುಚ್ಚಳ ತೆಗೆದು ನೋಡಿ, ಮುಚ್ಚಿ, ಅವನ ಬೆನ್ನು ತಟ್ಟಿದಳು.

"ತಾತ, ನಿಮ್ಮ ಪೆನ್ನು ಸೋರ್ತಾ ಇದೆ. ಜೇಬು ಹಾಳಾಗುತ್ತೆ. ಅಮ್ಮ ಇದನ್ನ ಉಪ್ಪು ಹಾಕಿ ತೊಳೀತಾಳೆ, ಅಂಗಿ ಕೊಡ್ತೀರಾ?"

ಜೇಬುಗಳ್ಳ ಪೆನ್ನನ್ನು ಈಸಿಕೊಂಡು ಕಿವಿಗೆ ಸಿಕ್ಕಿಸಿಕೊಂಡ. ಆಮೇಲೆ ಹೊಲಿಗೆಯವಳ ಕಡೆ ತಿರುಗಿ ಕೈ ಜೋಡಿಸಿದ. "ಅಮ್ಮಾ, ನನ್ನ ಇಷ್ಟು ವರ್ಷದ ಅನುಭವದಲ್ಲಿ ಹೇಳ್ತೀನಿ. ಈ ಮಗೂಗೆ ಭವಿಷ್ಯ ಇಲ್ಲ," ಎಂದ. ತನ್ನ ಶುಲ್ಕವನ್ನೂ ಹಿಂದಿರುಗಿಸಿದ. ನಾವು ಹೊರಬಂದ ಮೇಲೆ ನನ್ನ ಕೈಗಡಿಯಾರ ಇರಲಿಲ್ಲ, ಅದು ಬೇರೆ ವಿಷಯ.

ಅಲ್ಲಿಂದ ಹೊಲಿಗೆಯವಳು ಸೀದಾ ಕಾರ್ಖಾನೆಗೆ ಓಡಿದಳು. ಅರ್ಧ ದಿನವಾದರೂ ಉಳಿಯಲಿ ಎಂದು. ಮಗಳನ್ನು ಸಂಜೆಯವರೆಗೆ ನನ್ನ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂರಿಸಿಕೊಳ್ಳಲು ನಾನು ಒಪ್ಪಿದೆ. ಕಾರ್ಖಾನೆಯಲ್ಲಿ ಆಗ ಹೊಸ ಕೆಲಸ ಬಂದಿತ್ತು: ಚಿಕ್ಕ ಅಳತೆಯ ಪಟ್ಟೆ ಪಟ್ಟೆ ಜೈಲಿನ ಅಂಗಿಗಳು. ಊರಿನ ಮಕ್ಕಳಿಗೆಲ್ಲ ಅವಳೇ ಹೊಲಿಯುತ್ತಿದ್ದಳು. ತನ್ನ ಮಗಳ ಅಳತೆಯದು ಕೈಗೆ ಬಂದಾಗಲೆಲ್ಲ ದಾರ ತುಂಡಾಗುತ್ತದೆ ಎಂದು ಒಮ್ಮೆ ಹೇಳಿದ್ದಳು.

ಒತ್ತಕ್ಷರ ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿದ್ದಳು. ಸೇರ್ಪಡೆಗೆ ಅದೇ ಕೊನೆಯ ದಿನವಾದ್ದರಿಂದ ಕಿಟಕಿಯಲ್ಲಿ ಗದ್ದಲವೋ ಗದ್ದಲ. ನಾನು ತಲೆಯೆತ್ತಿ ನೋಡಿದಾಗ ಬೆಂಚು ಖಾಲಿ. ಅಷ್ಟರಲ್ಲಿ ಗೇಟಿನ ಕಡೆಯಿಂದ ಕಾವಲುಗಾರನ ಸೀಟಿ ಕೇಳಿಸಿತು.

ಗೇಟಿನ ಬಳಿ ಒಂದು ಕಪ್ಪು ಹಲಗೆಯಿದೆ. ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ದೊಡ್ಡದಾಗಿ "ಬೇಸಿಗೆ ಸಜಾ ವಿನೋದ ಯೋಜನೆ" ಎಂದು ಬರೆದು, ಕೆಳಗೆ ನಿರ್ದೇಶಕರ ಪದನಾಮ ಬರೆದಿತ್ತು. ಒತ್ತಕ್ಷರ ಒಂದು ಇಟ್ಟಿಗೆಯ ಮೇಲೆ ನಿಂತು, ಬೆರಳಿಗೆ ಉಗುಳು ಹಚ್ಚಿ 'ಸಜಾ'ದ 'ಸ' ಅಳಿಸಿ, ಆ ಜಾಗದಲ್ಲಿ ದುಂಡಗೆ, ಅಂದವಾಗಿ 'ರ' ಬರೆದಿದ್ದಳು. ಕೈಯಲ್ಲಿ ಸುಣ್ಣದ ಕಡ್ಡಿ ಹಾಗೇ ಇತ್ತು. ಕಾವಲುಗಾರ ಅವಳ ರಟ್ಟೆ ಹಿಡಿದಿದ್ದ.

ನಿರ್ದೇಶಕರು ಮಹಡಿಯಿಂದ ಇಳಿದು ಬಂದರು. ಯಾರನ್ನೋ ಬಿಡಲು ಬಂದಿದ್ದ ಜೈಲರ್ ಕೂಡ ಅಲ್ಲೇ ಇದ್ದರು. ವಿಚಾರಣೆ ಸ್ಥಳದಲ್ಲೇ ನಡೆಯಿತು.

"ಈ ತಪ್ಪು ಮಾಡಿದ್ದು ಯಾರು?" ಎಂದು ನಿರ್ದೇಶಕರು ಗದರಿದರು.

"ಯಾರು ಮಾಡಿದ್ದೋ ಗೊತ್ತಿಲ್ಲ. ನಾನು ತಿದ್ದಿದೆ," ಎಂದಳು ಹುಡುಗಿ.

"ಏನು ತಿದ್ದಿದೆ?"

"ತಪ್ಪು."

"ಅಂದ್ರೆ? ಆಡಳಿತದಲ್ಲಿ ತಪ್ಪಿದೆ ಅಂತೀಯಾ?"

"ಆಡಳಿತದಲ್ಲಿ ಅಲ್ಲ ಮಾಮ. ಎರಡನೇ ಪದದ ಮೊದಲನೇ ಅಕ್ಷರದಲ್ಲಿ."

ಸುತ್ತ ನಿಂತಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಅಲ್ಲಿದ್ದ ಅಷ್ಟೂ ಪೋಷಕರು, ಅಷ್ಟೂ ಸಿಬ್ಬಂದಿ, ಅಷ್ಟು ದಿನದಿಂದ ದಿನವೂ ಆ ಹಲಗೆಯ ಮುಂದೆ ಓಡಾಡಿದ್ದರು. ಒಬ್ಬರೂ ಅದಕ್ಕೆ ಕೈ ಹಚ್ಚಿರಲಿಲ್ಲ. ಅಷ್ಟು ಸಭ್ಯರ ಊರು ನಮ್ಮದು.

ಜೈಲರ್ ಮುಖ ಮಾತ್ರ ಅರಳಿತು. "ಹಲ್ಲಿನ ಸೆಟ್ಟು, ಮೀಸೆ, ಕಿಟಕಿ, ಇವನ್ನೆಲ್ಲ ಕೇಳಿ ಕೇಳಿ ಸಾಕಾಗಿತ್ತು ಸ್ವಾಮಿ. ಇದು ನೋಡಿ ಅಪರಾಧ!" ಎಂದರು. ಅಲ್ಲೇ ನಿಂತು ಆರೋಪಗಳನ್ನು ಹೇಳಿದರು, ಟೈಪಿಸ್ಟ್ ಬರೆದುಕೊಂಡರು. ಆಡಳಿತದ ಪ್ರಕಟಣೆಯನ್ನು ಅನಧಿಕೃತವಾಗಿ ಓದಿದ್ದು. ಓದಿದ್ದಲ್ಲದೆ ಅರ್ಥ ಮಾಡಿಕೊಂಡದ್ದು. ಇವೆರಡೂ ಸಾಲದೆಂಬಂತೆ, ತಪ್ಪನ್ನು ತಿದ್ದಿದ ತಪ್ಪು.

ಸುದ್ದಿ ಕಾರ್ಖಾನೆಗೆ ಮುಟ್ಟಿ ಹೊಲಿಗೆಯವಳು ಕೊರಳಿನಲ್ಲಿ ಅಳತೆಪಟ್ಟಿ ನೇತಾಡುತ್ತಿರುವಂತೆಯೇ ಓಡಿ ಬಂದಳು. ನಾನು ವಿಷಯ ಹೇಳಿದೆ. ಅವಳು ಮಗಳನ್ನು ಬಾಚಿ ಅಪ್ಪಿಕೊಂಡು, "ತಪ್ಪು ಮಾಡಿದ್ಯಾ ನನ್ನ ಕಂದಾ! ಮಾಡಿದ್ಯಾ!" ಎಂದು ಅತ್ತಳು. ನಿಂತವರ ಕಣ್ಣಲ್ಲೂ ನೀರು ಬಂತು.

"ಹಾಗಾದ್ರೆ ಸೀಟು ಸಿಕ್ತಾ ಅಣ್ಣ?"

"ಸಿಕ್ಕಿತು. ಎಲ್ಲರಿಗಿಂತ ಮೇಲಿನ ದರ್ಜೆ."

"ದೇವರು ದೊಡ್ಡೋನು. ಸಂಜೆ ಕರ್ಕೊಂಡು ಹೋಗೋಕೆ ಎಷ್ಟೊತ್ತಿಗೆ ಬರ್ಲಿ?"

ನಾನು ಜೈಲರ್ ಮುಖ ನೋಡಿದೆ. ಜೈಲರ್ ಗಂಟಲು ಸರಿಮಾಡಿಕೊಂಡರು.

"ಸಂಜೆ ಬರಬೇಕಾಗಿಲ್ಲ ತಾಯಿ. ಹಗಲು ಸಜೆ ಎಲ್ಲ ಸಣ್ಣಪುಟ್ಟ ತಪ್ಪಿನವರಿಗೆ. ನಿಮ್ಮ ಮಗಳದು ಪೂರ್ತಿ. ಹಗಲೂ ರಾತ್ರೀನೂ. ಶಾಲೆ ತೆರೆದ ಮೇಲೂ ಇರುತ್ತೆ."

ಹೊಲಿಗೆಯವಳು ಅಳುವುದನ್ನು ನಿಲ್ಲಿಸಿದಳು. ಮಗಳ ತಲೆಯ ಮೇಲಿದ್ದ ಕೈ ಅಲ್ಲೇ ಉಳಿಯಿತು. "ರಾತ್ರೀನೂನಾ?" ಎಂದಳು.

"ಅಮ್ಮ ಒಬ್ಳೇ ಮಲಗಲ್ಲ ಮಾಮ, ಹೆದರ್ಕೋತಾಳೆ," ಎಂದು ಒತ್ತಕ್ಷರ ಜೈಲರಿಗೆ ಹೇಳಿದಳು. ಹೆದರುವವರು ಯಾರೆಂಬುದು ಅವಳ ದನಿಯಲ್ಲೇ ಗೊತ್ತಾಗುತ್ತಿತ್ತು. ಇದನ್ನು ಕೇಳಿ ನನ್ನ ಎದೆಯಲ್ಲಿ ಏನೋ ಚುರುಕ್ಕೆಂದಿತು. ನಾನು ನಿಯಮಗಳನ್ನು ಇನ್ನೊಮ್ಮೆ ಮನಸ್ಸಿನಲ್ಲೇ ತಿರುವಿಹಾಕಿದೆ. ಚುರುಕ್ಕೆಂದಾಗ ಏನು ಮಾಡಬೇಕೆಂದು ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಬೇರೆ ಪೋಷಕರ ಗಲಾಟೆ ಶುರುವಾಯಿತು. ಪಟಾಕಿಯ ತಂದೆ ಮೀಸೆ ಕುಣಿಸುತ್ತ ಮುಂದೆ ನುಗ್ಗಿದರು.

"ಇದ್ಯಾವ ನ್ಯಾಯ ಸ್ವಾಮಿ? ನಮ್ಮೋನು ಮಾಡದೇ ಇರೋ ಅನಾಹುತ ಇಲ್ಲ, ಅವನನ್ನ ಸಂಜೆ ಆದ್ರೆ ಮನೆಗೆ ತಂದು ಬಿಡ್ತೀರಿ. ಒಂದಕ್ಷರ ಬರೆದೋಳಿಗೆ ವರ್ಷವಿಡೀನಾ? ರಾತ್ರಿ ಊಟಾನೂ ಅಲ್ಲೇನಾ?" ಆಮೇಲೆ ನನ್ನ ಕಡೆ ಬೆರಳು ತೋರಿಸಿದರು. "ಮೇಲ್ಮನೆ ಕೆಳಮನೆಯೋರಲ್ವಾ ನೀವು? ಗೊತ್ತಾಗುತ್ತೆ ಬಿಡಿ."

ಹೊಲಿಗೆಯವಳು ಸುತ್ತಲಿನ ಮುಖಗಳನ್ನೆಲ್ಲ ನೋಡಿದಳು. ಒಂದೊಂದರಲ್ಲೂ ಹೊಟ್ಟೆಯುರಿ. ತನಗೆ ಸಿಕ್ಕಿರುವುದು ದೊಡ್ಡ ಭಾಗ್ಯವೇ ಇರಬೇಕು ಎಂದು ಅವಳಿಗೆ ನಿಧಾನಕ್ಕೆ ಅನಿಸತೊಡಗಿದ್ದನ್ನು ನಾನು ಕಣ್ಣಾರೆ ಕಂಡೆ. ಕೊನೆಗೆ ಅವಳು ಕಣ್ಣೊರೆಸಿಕೊಂಡು ಕೇಳಿದ್ದು ಇಷ್ಟೇ: "ಹಾಗಾದ್ರೆ ನಾನು ಮೇಸ್ತ್ರಿಗೆ ಓವರ್‌ಟೈಮ್ ಮಾಡ್ತೀನಿ ಅಂತ ಹೇಳಬಹುದಾ?"

ಹೇಳಬಹುದು ಎಂದು ನಿರ್ದೇಶಕರು ಅಪ್ಪಣೆ ಕೊಟ್ಟರು.

ರಜೆ ಮುಗಿಯಿತು. ಹಗಲು ಸಜೆಯ ಮಕ್ಕಳೆಲ್ಲ ಬಿಡುಗಡೆಯಾದರು. ಪಟಾಕಿ ಜೈಲಿನ ಕಂಬಿ ಹಿಡಿದುಕೊಂಡು, ಮನೆಗೆ ಹೋಗಲ್ಲ ಎಂದು ಅತ್ತ. ಅವನನ್ನು ನಾಲ್ಕು ಜನ ಸೇರಿ ಹೊರಗೆ ಹಾಕಬೇಕಾಯಿತು. ಜೇಬುಗಳ್ಳ ಮೂರನೇ ತರಗತಿ ಪಾಸಾಗಿ, ಶಾಲೆ ತೆರೆಯಲು ಬಂದ ಮೇಷ್ಟರ ಆಶೀರ್ವಾದವನ್ನೂ ಗಡಿಯಾರವನ್ನೂ ಪಡೆದು ಜೈಲಿಗೆ ಹಿಂದಿರುಗಿದ. ತಿದ್ದುಪಡಿ ಸಮಿತಿಯವರು ರಜೆಯಿಂದ ಬಂದು ಸಭೆ ಸೇರಿದರು. ಊರಿನ ತುಂಬ ಅಂಟಿಸಿದ ಪ್ರಕಟಣೆಗಳನ್ನು ಬದಲಾಯಿಸಲು ಬಹಳ ಖರ್ಚಾಗುವುದರಿಂದ ಪದವನ್ನೇ ಬದಲಾಯಿಸುವುದು ಅಗ್ಗ ಎಂದು ಒಮ್ಮತದಿಂದ ತೀರ್ಮಾನಿಸಿದರು. ಈಗ ಶಾಲೆಯ ಮಕ್ಕಳು ಪ್ರಬಂಧದಲ್ಲಿ "ನಾನು ಸಜೆಯಲ್ಲಿ ಅಜ್ಜಿಯ ಮನೆಗೆ ಹೋಗಿದ್ದೆ" ಎಂದು ಬರೆಯುತ್ತಾರೆ. 'ರಜೆ' ಎಂದು ಬರೆದರೆ ಒಂದು ಅಂಕ ಕಡಿತ. ನಾನು ಕೂಡ ಕಳೆದ ವಾರ ಮೈ ಬಿಸಿಯಿದ್ದುದರಿಂದ ಒಂದು ದಿನದ ಸಜೆಗೆ ಅರ್ಜಿ ಹಾಕಿದ್ದೆ, ಮಂಜೂರಾಯಿತು.

ಹಲಗೆಯ ಮೇಲಿನ 'ರ'ವನ್ನು ಒರೆಸಲಾಗಿದೆ. ಆದರೆ ಆ ಹುಡುಗಿಯ ಪ್ರತಿಭೆ ವ್ಯರ್ಥವಾಗಬಾರದೆಂದು ನಾನೇ ಒಂದು ಸಲಹೆ ಕೊಟ್ಟೆ. ಈಗ ಇಲಾಖೆಯ ಕರಡುಗಳನ್ನೆಲ್ಲ ಜೈಲಿಗೆ ಕಳಿಸುತ್ತೇವೆ. ಒತ್ತಕ್ಷರ ಕಿಟಕಿಯ ಬೆಳಕಿನಲ್ಲಿ ಕೂತು ತಪ್ಪುಗಳನ್ನು ತಿದ್ದಿ ಕೊಡುತ್ತಾಳೆ. ನಮ್ಮ ಕಾಗದಗಳು ಇಷ್ಟು ಅಚ್ಚುಕಟ್ಟಾಗಿ ಎಂದೂ ಇರಲಿಲ್ಲ, ಖರ್ಚಂತೂ ಏನೂ ಇಲ್ಲ. ತಿದ್ದಿದ ಪ್ರತಿಯೊಂದು ತಪ್ಪಿಗೂ ಕಾನೂನಿನ ಪ್ರಕಾರ ಅವಳ ಅವಧಿ ಸ್ವಲ್ಪ ಸ್ವಲ್ಪ ಹೆಚ್ಚುತ್ತದೆ. ಇದನ್ನು ನಾನು ಅವಳಿಗೆ ವಿವರಿಸಿ ಹೇಳಿದೆ. ಬೇಡ ಎನಿಸಿದರೆ ತಿದ್ದದೆ ಹಾಗೇ ಕೊಡಮ್ಮ, ಯಾರೂ ಏನೂ ಅನ್ನುವುದಿಲ್ಲ ಎಂದೂ ಹೇಳಿದೆ. ಅವಳು ಕರಡಿನಿಂದ ಕಣ್ಣು ಕೀಳದೆ, "ತಪ್ಪಿದೆಯಲ್ಲ ಮಾಮ," ಎಂದಳು.

ಭೇಟಿಯ ದಿನಗಳಲ್ಲಿ ಹೊಲಿಗೆಯವಳು ನನ್ನ ಜೊತೆಯಲ್ಲೇ ಬರುತ್ತಾಳೆ. ಕಾರ್ಖಾನೆಯಲ್ಲಿ ಅವಳಿಗೆ ಒಳ್ಳೆಯ ಹೆಸರಿದೆ. ಮಗುವಿನ ಕಾಟವಿಲ್ಲದ ಕೆಲಸಗಾತಿ ಎಂದು ಮೇಸ್ತ್ರಿ ಬೇರೆಯವರಿಗೆ ಅವಳನ್ನು ತೋರಿಸುತ್ತಾನೆ. ಮೊನ್ನೆ ಅವಳು ಮಗಳಿಗೆಂದು ತಾನೇ ಹೊಲಿದ ಪಟ್ಟೆಯ ಲಂಗವನ್ನು ಚೀಲದಿಂದ ತೆಗೆದು ತೋರಿಸಿದಳು. ನೂಲು ಎಲ್ಲೂ ಜಗ್ಗಿರಲಿಲ್ಲ, ಪಟ್ಟೆಗೆ ಪಟ್ಟೆ ಸರಿಯಾಗಿ ಕೂಡಿತ್ತು. ಕೆಳಗಿನ ಅಂಚು ಮಾತ್ರ ದಪ್ಪಗಿತ್ತು. ತಿರುಗಿಸಿ ನೋಡಿದರೆ, ಒಳಗೆ ಗೇಣುದ್ದದ ಬಟ್ಟೆಯನ್ನು ಪದರ ಪದರವಾಗಿ ಮಡಚಿ ಸಡಿಲ ಹೊಲಿಗೆ ಹಾಕಿದ್ದಳು.

"ಇಷ್ಟ್ಯಾಕೆ ಬಿಟ್ಟಿದೀಯಮ್ಮ?" ಎಂದು ಕೇಳಿದೆ.

"ಮಕ್ಕಳು ಬೆಳೀತಾರಲ್ಲ ಅಣ್ಣ," ಎಂದಳು ಹೊಲಿಗೆಯವಳು. "ಬಿಚ್ಚಿ ಬಿಚ್ಚಿ ಉದ್ದ ಮಾಡ್ಕೋಬಹುದು."

ಕರಡುಗಳ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ನಾನು ಅವಳ ಹಿಂದೆ ಒಳಗೆ ಹೋದೆ.